ಬೋಟು ಕೊಳ್ಳುವ ಮೊದಲು ಒಮ್ಮೆ ತಟ್ಟಿ ನೋಡಿಸಿ

ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋಕೂ ನಾವು ಪರಿಚಯದ ಮೆಕ್ಯಾನಿಕ್‌ನ ಕರ್ಕೊಂಡು ಹೋಗ್ತೀವಿ. ಆದರೆ ಲಕ್ಷಗಟ್ಟಲೆ ಬೆಲೆಯ ಮೀನುಗಾರಿಕೆ ಬೋಟನ್ನು ನಮ್ಮ ಕರಾವಳಿಯಲ್ಲಿ ಎಷ್ಟೋ ಜನ ಬರೀ ಮಾತಿನ ಮೇಲೆ ಕೊಳ್ಳುತ್ತಾರೆ. ‘ಎಂಜಿನ್ ಸೂಪರ್ ಉಂಟು, ಪೇಂಟ್ ಈಗಷ್ಟೇ ಆಗಿದೆ’ ಅಂದರೆ ವ್ಯಾಪಾರ ಮುಗೀತು.

ಮಲ್ಪೆಯಲ್ಲಿರುವ ನನ್ನ ಭಾವ ಇಂಥದ್ದೇ ಒಂದು ಹಳೇ ಫೈಬರ್ ಬೋಟು ನೋಡಿದ್ದರು. ಅಕ್ಕನ ಒಡವೆ, ಮನೆಪತ್ರ, ಮೇಲೆ ಬ್ಯಾಂಕ್ ಸಾಲ. ಜಾಮೀನಿಗೆ ಬೆಂಗಳೂರಲ್ಲಿ ಸಂಬಳ ಎಣಿಸುವ ನಾನು! ‘ಮೊದಲು ಸರ್ವೇಯರ್ ನೋಡಲಿ, ಆಮೇಲೆ ಸೈನ್ ಹಾಕ್ತೇನೆ’ ಅಂದೆ. ಭಾವನಿಗೆ ಬೇಜಾರಾಯಿತು. ‘ಇಪ್ಪತ್ತು ವರ್ಷ ಕಡಲಿಗೆ ಹೋದವನಿಗೆ ಬೋಟು ನೋಡ್ಲಿಕ್ಕೆ ಬರುದಿಲ್ವಾ ಮಾರಾಯ?’

ಬರುತ್ತೆ. ಆದರೆ ಬ್ಯಾಂಕಿಗೂ ವಿಮೆಯವರಿಗೂ ಕಾಗದ ಬೇಕು. ಅಲ್ಲದೆ, ಮನಸ್ಸು ಕೊಟ್ಟ ಬೋಟಿನಲ್ಲಿ ತಪ್ಪು ಕಾಣೋದು ಕಷ್ಟ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ರಜೆ. ರಿಪೇರಿಗೆಂದು ಬೋಟು ದಡ ಹತ್ತಿರುತ್ತೆ. ತಪಾಸಣೆಗೆ ಇದೇ ಒಳ್ಳೇ ಸಮಯ, ಯಾಕಂದ್ರೆ ತಳ ನೋಡದ ಸರ್ವೆ ಅರ್ಧ ಸರ್ವೆ.

ಸರ್ವೇಯರ್ ಸಣ್ಣ ಸುತ್ತಿಗೆಯಿಂದ ಮೈಯೆಲ್ಲಾ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಸ್ಪಷ್ಟ ಶಬ್ದ, ಪದರ ಬಿಟ್ಟಿದ್ದಲ್ಲಿ ಮಂದ ಶಬ್ದ. ಮೀಟರ್ ಇಟ್ಟು ತೇವ ಅಳೆದರು. (ಸ್ಟೀಲ್ ಬೋಟಾದರೆ ಅಲ್ಟ್ರಾಸಾನಿಕ್ ಯಂತ್ರದಿಂದ ತಗಡಿನ ದಪ್ಪ ಅಳೆಯುತ್ತಾರೆ.) ಶಾಫ್ಟ್, ಪ್ರೊಪೆಲ್ಲರ್, ವೈರಿಂಗ್, ಲೈಫ್ ಜಾಕೆಟ್, ಕೊನೆಗೆ ನೋಂದಣಿ ಪತ್ರದಲ್ಲಿರುವ ಎಂಜಿನ್ ನಂಬರ್ ಕೂಡ. ಚುಕ್ಕಾಣಿಯ ಹತ್ತಿರ, ಹೊಸ ಪೇಂಟಿನ ಕೆಳಗೆ, ಫೈಬರ್ ಪದರ ಬಿಟ್ಟಿತ್ತು. ಭಾವ ತಾವೇ ತಟ್ಟಿ ಕೇಳಿದರು, ಮಾತಾಡಲಿಲ್ಲ. ಮಾರುವವರು ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಲು ಒಪ್ಪಿದರು.

ಇನ್ನು ಬೆಲೆಯ ವಿಷಯ. ಒಂದೇ ಬೋಟಿಗೆ ಒಂದೇ ಬೆಲೆ ಅಂದುಕೊಳ್ಳಬೇಡಿ. ನಿಧಾನವಾಗಿ ಮಾರಿದರೆ ಸಿಗುವುದು ಮಾರುಕಟ್ಟೆ ಬೆಲೆ. ಸಾಲ ಕಟ್ಟದಿದ್ದರೆ ಅವಸರದಲ್ಲಿ ಮಾರಿ ಎಷ್ಟು ಬರುತ್ತೆ ಅನ್ನೋದನ್ನೂ ಬ್ಯಾಂಕ್ ಲೆಕ್ಕ ಹಾಕುತ್ತೆ. ಅದು ಇನ್ನೂ ಕಮ್ಮಿ. ವಿಮೆಗೆ ಬೇರೆಯೇ ಲೆಕ್ಕ. 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ ಪಾಲಿಸಿಯಲ್ಲೇ ಬೆಲೆ ಒಪ್ಪಿ ಬರೆದಿದ್ದರೆ, ಮೋಸ ಇಲ್ಲದಿದ್ದಲ್ಲಿ, ಅದೇ ಅಂತಿಮ. ಪ್ರೀಮಿಯಂ ಉಳಿಸೋಕೆ 40 ಲಕ್ಷದ ಬೋಟಿಗೆ 20 ಲಕ್ಷದ್ದೇ ವಿಮೆ ಮಾಡಿಸಿದರೆ ಉಳಿದರ್ಧಕ್ಕೆ ನೀವೇ ವಿಮಾದಾರರು. 4 ಲಕ್ಷದ ಹಾನಿಗೆ ಕೈಗೆ ಬರೋದು ಸುಮಾರು 2 ಲಕ್ಷ.

ಇನ್ನೊಂದು ಮಾತು. ರಿಪೋರ್ಟ್ ಫೈಲಿಗೆ ಹಾಕಿ ಮರೆಯುವಂತಿಲ್ಲ. ಬೋಟು ಕಡಲಿಗಿಳಿಯೋ ಸ್ಥಿತಿಯಲ್ಲಿಲ್ಲ ಅಂತ ಗೊತ್ತಿದ್ದೂ ಕಳಿಸಿ, ಅದರಿಂದಲೇ ನಷ್ಟವಾದರೆ, ವಿಮಾ ಕಂಪನಿ ಕೊಡಬೇಕಿಲ್ಲ. ಹಣ ಹೋಗಲಿ, ಆ ಬೋಟಿನಲ್ಲಿ ತಂಡೇಲರಿಂದ ಹಿಡಿದು ಅಡುಗೆ ಹುಡುಗನವರೆಗೂ ಜೀವಗಳಿರುತ್ತವೆ.

ಊರಲ್ಲಿ ನಿಮ್ಮ ಅಣ್ಣನೋ ಮಾವನೋ ಬೋಟು ನೋಡ್ತಿದ್ದಾರಾ? ಮುಂಗಡ ಕೊಡುವ ಮೊದಲು ಹೀಗೆ ಮಾಡಿ. ಯಾರ ವರದಿ ನಡೆಯುತ್ತೆ ಅಂತ ಬ್ಯಾಂಕಿಗೂ ವಿಮಾ ಕಂಪನಿಗೂ ಕೇಳಿ. ಸರ್ವೇಯರ್‌ಗೆ ಐಆರ್‌ಡಿಎಐ ಲೈಸೆನ್ಸ್‌ನಲ್ಲಿ ‘ಮರೀನ್ ಹಲ್’ ವಿಭಾಗ ಇದೆಯಾ ನೋಡಿ. ಫೀಸು ಮಾರುವವರ ಕೈಯಿಂದ ಬೇಡ, ನೀವೇ ಕೊಡಿ. ಬೋಟಿನ ಮೈ, ಎಂಜಿನ್, ಬಲೆ ಮೂರಕ್ಕೂ ಬೇರೆ ಬೇರೆ ಬೆಲೆ ಬರೆಸಿ.

ನಮ್ಮ ಭಾವ ರಿಪೇರಿ ಮುಗಿಸಿದರು, ನಾನು ಸೈನ್ ಹಾಕಿದೆ. ಈಗ ದಕ್ಕೆಯಲ್ಲಿ ಯಾರಾದರೂ ಹಳೇ ಬೋಟಿನ ಸುದ್ದಿ ತೆಗೆದರೆ, ‘ಮೊದಲು ತಟ್ಟಿ ನೋಡಿಸಿ’ ಅಂತ ಅವರೇ ಹೇಳ್ತಾರಂತೆ.