ಜಾಲದಲ್ಲಿ ಬೆಂಬಲ, ಕೋರ್ಟಿನಲ್ಲಿ?

2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಹೊಡೆದು ಅಟ್ಟಾಡಿಸಿತು. ಶ್ರೀರಾಮ ಸೇನೆ ಅದನ್ನು ಸಮರ್ಥಿಸಿಕೊಂಡಿತು. ಕೆಲವೇ ದಿನಗಳಲ್ಲಿ ಫೇಸ್‌ಬುಕ್ಕಿನಲ್ಲಿ ಸಾವಿರಾರು ಮಂದಿ ಒಂದಾದರು. ಪ್ರೇಮಿಗಳ ದಿನಕ್ಕೆಂದು ಹುಬ್ಬಳ್ಳಿಯ ಸೇನೆಯ ಕಚೇರಿಗೆ ಗುಲಾಬಿ ಬಣ್ಣದ ಚಡ್ಡಿಗಳನ್ನು ಕಳಿಸಿದರು. ಹೆದರಿಸಹೊರಟವರೇ ನಗೆಪಾಟಲಾದರು. ಇದು ಸಣ್ಣ ಗೆಲುವಲ್ಲ.

ಆದರೆ 2018ರ ಮಾರ್ಚಿನಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆಯಾದರು.

ಅದೇ ಜಾಲತಾಣಗಳಲ್ಲಿ ಇಂದು ಮದುವೆ ಒಡವೆಗಳ ಜಾಹೀರಾತೂ ಚುನಾವಣಾ ಪ್ರಚಾರವೂ ತುಂಬಿವೆ. ವ್ಯಾಪಾರಿಗೆ ಗಿರಾಕಿ, ಪಕ್ಷಕ್ಕೆ ಮತ ಸಿಕ್ಕರೆ ಸಾಕು. ಚಳವಳಿಗೆ ಅಷ್ಟು ಸಾಲದು. ದೂರು ಕೊಡುವ ಹೆಣ್ಣಿನ ಜೊತೆ ಠಾಣೆಗೆ ನಡೆಯುವವರು, ಒಂಬತ್ತು ವರ್ಷವಾದರೂ ಕೋರ್ಟಿಗೆ ಅಲೆಯುವವರು ಬೇಕು. ಗೆಳತಿಯರೇ, ಜಾಲದಲ್ಲಿ ಸೇರೋಣ, ಅಲ್ಲಿಗೇ ನಿಲ್ಲದಿರೋಣ.