ಸಂಪಿಗೆ ಇಳಿಯೋ ಮುಂಚೆ (ಹೂವಲ್ಲ, ಟ್ಯಾಂಕು)

ಕಳೆದ ಸೆಮ್ ರಜೆಯಲ್ಲಿ ನಡೆದ ಕಥೆ ಇದು. ನಾವು ಮೂವರು. ಒಬ್ಬ ಬಳ್ಳಾರಿ ಸಿಟಿಯವನು, ಒಬ್ಬ ಸಿರುಗುಪ್ಪದವನು, ಒಬ್ಬ ಕುರುಗೋಡಿನವನು. ಬರೆದಿರೋದು ಒಬ್ಬರೇ ಆದ್ರೂ ಮಾತು ಮೂವರದ್ದೂ ಹೌದು, ಹಾಗಾಗಿ "ನಾವು" ಅಂತಲೇ ಬರೀತೀವಿ. ಮೂವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದ್ರೆ ಬೈಕೊಳ್ಳಿ, ಆದ್ರೆ ಪೂರ್ತಿ ಓದಿ.

ಅವತ್ತು ಬಳ್ಳಾರಿ ಗೆಳೆಯನ ಮನೆಯಲ್ಲಿ ಸೇರಿದ್ವಿ. ಯೂಟ್ಯೂಬ್‌ನಲ್ಲಿ ಅಮೆರಿಕದವರ ಒಂದು ವಿಡಿಯೊ ಓಡ್ತಿತ್ತು. ಅಲ್ಲಿ ಎಷ್ಟೋ ಮನೆಗಳ ನೆಲದ ಕೆಳಗೆ ಎರಡು ಮೂರು ಅಡಿ ಎತ್ತರದ ಖಾಲಿ ಜಾಗ ಇರತ್ತೆ, ಅದಕ್ಕೆ ಕ್ರಾಲ್ ಸ್ಪೇಸ್ ಅಂತಾರೆ. ಮನೆ ಯಜಮಾನ ಮಾಸ್ಕ್ ಹಾಕ್ಕೊಂಡು, ಹೊಟ್ಟೆ ಮೇಲೆ ತೆವಳ್ಕೊಂಡು ಹೋಗಿ, ಪೈಪು ರಿಪೇರಿ ಮಾಡಿ, ತೇವ ಬರದ ಹಾಗೆ ಪ್ಲಾಸ್ಟಿಕ್ ಹಾಸಿ ಬರ್ತಾನೆ. "ನಮ್ಮಲ್ಲಿ ಇದೆಲ್ಲ ಇಲ್ಲ ಬಿಡೋ" ಅಂದ್ಕೊಂಡ್ವಿ. ಅಷ್ಟರಲ್ಲಿ ಆಂಟಿ ಕೂಗಿದ್ರು: "ನಾಳೆ ನೀರು ಬಿಡ್ತಾರಂತೆ, ಇವತ್ತೇ ಸಂಪ್ ತೊಳೆದುಬಿಡ್ರಪ್ಪ."

ನಮ್ಮಲ್ಲೂ ಮನೆ ಕೆಳಗೆ ಜಾಗ ಇದೆ ಅಂತ ಆಗ ನೆನಪಾಯ್ತು.

ಬಳ್ಳಾರಿಯಲ್ಲಿ ನಲ್ಲಿ ನೀರು ದಿನಾ ಬರಲ್ಲ. ಹಾಗಾಗಿ ಮನೆಗೊಂದು ಸಂಪು. 6 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳ ಇದ್ರೆ ಸುಮಾರು 3,400 ಲೀಟರ್ ನೀರು. ಒಳಗೆ ಹೋಗೋಕೆ ಇರೋದು ಎರಡಡಿ ಚೌಕದ ಒಂದೇ ಬಾಯಿ. ಮೂವರಲ್ಲಿ ಸಣ್ಣಗಿರೋನು ಇಳಿಯೋದು ಅಂತ ತೀರ್ಮಾನ ಆಯ್ತು. ನಮ್ಮ ಆಯ್ಕೆಯ ಮಾನದಂಡ ಅಷ್ಟೇ: ಸಣ್ಣಗಿದ್ದಾನೆ, ತೂರ್ತಾನೆ. ಒಂದು ಕೈಯಲ್ಲಿ ಬ್ಲೀಚಿಂಗ್ ಪೌಡರ್, ಇನ್ನೊಂದರಲ್ಲಿ ಬಾತ್‌ರೂಮ್ ತೊಳೆಯೋ ಆ್ಯಸಿಡ್ ಬಾಟಲಿ. ಬೆಳಕಿಗೆ ವೈರಿಗೆ ಕಟ್ಟಿದ ಬಲ್ಬು. ಒಳಗಿರೋ ಮೋಟರಿನ ಪ್ಲಗ್ಗು ಕಿತ್ತಿರಲಿಲ್ಲ, ಮೇಲಿನ ಸ್ವಿಚ್ ಆಫ್ ಮಾಡಿದ್ವಿ ಅಷ್ಟೇ.

ಕುರುಗೋಡಿನ ಗೆಳೆಯನ ತಾತ ಕಣ್ಣು ತೋರಿಸೋಕೆ ಅಂತ ಬಳ್ಳಾರಿಗೆ ಬಂದಿದ್ರು, ಅದೇ ಮನೆಯ ಕಟ್ಟೆ ಮೇಲೆ ಕೂತಿದ್ರು. ನಮ್ಮವನು ಒಂದು ಕಾಲು ಇಳಿಬಿಟ್ಟಿದ್ದೇ ತಡ, ತಾತ ಎದ್ದು ಬಂದ್ರು.

"ಏಯ್ ತಡೀರಲೇ! ಮುಚ್ಚಳ ತೆಗ್ದು ಎಷ್ಟೊತ್ತಾತು?"

"ಈಗ ತೆಗ್ದೀವಿ ತಾತ."

"ಈಗ ತೆಗ್ದು ಈಗ್ಲೇ ಇಳೀತೀರೇನು? ಇಂಜಿನಿಯರ್ ಓದಾಕತ್ತೀರಂತೆ, ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ನಿಜವಾಗ್ಲೂ ಗೊತ್ತಿರಲಿಲ್ಲ.

ತಾತ ಹೇಳಿದ್ದು ಹಗೇವಿನ ಕಥೆ. ನಮ್ಮಲ್ಲಿ ಎಷ್ಟೋ ಜನ ಈ ಪದವನ್ನೇ ಕೇಳಿರಲ್ಲ. ಹಗೇವು ಅಂದ್ರೆ ಜೋಳ ತುಂಬಿಡೋಕೆ ನೆಲ ಅಗೆದು ಮಾಡ್ತಿದ್ದ ಗುಂಡಿ. ಒಳಗೆ ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡ್ತಿದ್ರು. ತೆಗೆಯೋ ದಿನ ಬಾಯಿ ತೆರೆದ ಕೂಡಲೇ ಯಾರೂ ಇಳೀತಿರಲಿಲ್ಲವಂತೆ. ಒಳಗಿನ ಕಾವು ಹೋಗಲಿ ಅಂತ ಹೊತ್ತುಗಟ್ಟಲೆ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡೋದು. ಕಂದೀಲು ಆರಿದ್ರೆ ಅವತ್ತು ಇಳಿಯೋ ಹಾಗಿಲ್ಲ. ಉರಿದ್ರೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯೋದು, ಮೇಲೆ ಇಬ್ಬರು ಹಗ್ಗ ಹಿಡಿಯೋದು.

"ಇಳೀತಿದ್ದೋರು ಯಾರು ತಾತ?"

"ಮತ್ಯಾರು? ಆಳುಮಕ್ಳು. ಧಣಿ ಇಳೀತಾನೇನು?"

ಈ ಉತ್ತರ ನೆನಪಿಡಿ, ಮುಂದೆ ಬೇಕಾಗತ್ತೆ.

ಮೊದಲು ವಿಷಯ ನೋಡೋಣ. ಕಾಳು ಉಸಿರಾಡತ್ತೆ. ಮುಚ್ಚಿದ ಗುಂಡಿಯಲ್ಲಿ ಅದು ಆಮ್ಲಜನಕ ತಗೊಂಡು ಇಂಗಾಲದ ಡೈಆಕ್ಸೈಡ್ ಬಿಡತ್ತೆ. ಇದು ಗಾಳಿಗಿಂತ ಭಾರ, ತಳದಲ್ಲೇ ಕೂರತ್ತೆ. ಸಂಪಿನಲ್ಲಿ ಕಾಳಿಲ್ಲ, ನಿಜ. ಆದ್ರೆ ತಳದ ಕೆಸರಲ್ಲಿ ಕೊಳೀತಿರೋ ಪಾಚಿ, ಕಸ ಇದೆ, ತುಕ್ಕು ಹಿಡೀತಿರೋ ಕಬ್ಬಿಣ ಇದೆ. ಎರಡೂ ಆಮ್ಲಜನಕ ತಿನ್ನತ್ತೆ. ಹೊಸ ಸಂಪಲ್ಲಿ ಇನ್ನೂ ಅಪಾಯ. ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗ್ ಹಲಗೆ ವಾರಗಟ್ಟಲೆ ಒದ್ದೆಯಾಗಿ ಒಳಗೇ ಇರತ್ತೆ, ಕೊಳೆಯೋಕೆ ಶುರುವಾಗತ್ತೆ. ಹಲಗೆ ಬಿಚ್ಚೋಕೆ ಇಳಿದವರು ಮೇಲೆ ಬರದೇ ಹೋದ ಸುದ್ದಿ ಪೇಪರಲ್ಲಿ ಮತ್ತೆ ಮತ್ತೆ ಓದ್ತೀವಿ. ಓದಿ ಪುಟ ತಿರುಗಿಸ್ತೀವಿ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9%. ಅದು 19.5%ಗಿಂತ ಕಡಿಮೆ ಆದ್ರೆ ಕೆಲಸಕ್ಕೆ ಸುರಕ್ಷಿತ ಅಲ್ಲ ಅನ್ನೋದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ. ಕಂದೀಲು ಆರೋದು ಸುಮಾರು 16%ರ ಹತ್ತಿರ. ಅಂದ್ರೆ ದೀಪ ಉರೀತಿದೆ ಅಂದ ಮಾತ್ರಕ್ಕೆ ಜಾಗ ಸೇಫ್ ಅಲ್ಲ, ದೀಪ ಆರೋ ಮುಂಚೆಯೇ ನಮ್ಮ ತಲೆ ಮಂಕಾಗಿರತ್ತೆ. ಇನ್ನೂ ಕಡಿಮೆಯಾದ್ರೆ ಕೂಗೋಕೂ ಟೈಮ್ ಸಿಗಲ್ಲ, ಮನುಷ್ಯ ಸುಮ್ಮನೆ ಕುಸೀತಾನೆ. ಸೆಪ್ಟಿಕ್ ಟ್ಯಾಂಕಿಗಂತೂ ದೀಪದ ಪರೀಕ್ಷೆ ಮಾಡಲೇಬಾರದು, ಅಲ್ಲಿ ಮೀಥೇನ್ ಇರತ್ತೆ, ಹೊತ್ತಿಕೊಳ್ಳತ್ತೆ. ಜೊತೆಗೆ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ಅಂತ ಪಿಯುಸಿಯಲ್ಲಿ ಓದಿದೀವಲ್ಲ, ಅದೇ. ಸುಮಾರು 100 ಪಿಪಿಎಂ ದಾಟಿದ್ರೆ ಅದು ಮೂಗನ್ನೇ ಮರಗಟ್ಟಿಸತ್ತೆ. ವಾಸನೆ ಹೋಯ್ತು, ಗ್ಯಾಸೂ ಹೋಯ್ತು ಅಂದ್ಕೊಂಡ್ರೆ ಮುಗೀತು.

ನಮ್ಮ ಕೈಯಲ್ಲಿದ್ದ ಬ್ಲೀಚಿಂಗ್ ಪೌಡರು ಮತ್ತು ಆ್ಯಸಿಡ್? ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್. ಈ ರಿಯಾಕ್ಷನ್ ಬರೆದು ಮಾರ್ಕ್ಸ್ ತಗೊಂಡೋರು ನಾವೇ.

ಇಲ್ಲೊಂದು ಮಾತು ದೊಡ್ಡಕ್ಷರದಲ್ಲಿ ಬರೀಬೇಕು. ಒಳಗೆ ಬಿದ್ದವನನ್ನ ಎತ್ತೋಕೆ ಇನ್ನೊಬ್ಬ ಹಾಗೇ ಇಳೀಬಾರದು. ಇಂಥ ಇಕ್ಕಟ್ಟು ಜಾಗಗಳಲ್ಲಿ ಸತ್ತವರಲ್ಲಿ 60%ಗಿಂತ ಹೆಚ್ಚು ಜನ ಕಾಪಾಡೋಕೆ ಇಳಿದವರು ಅಂತ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ನಮ್ಮ ಪಕ್ಕದ ರಾಜ್ಯದಲ್ಲೇ ನೋಡಿ. 2015ರ ನವೆಂಬರ್‌ನಲ್ಲಿ ಕೋಳಿಕ್ಕೋಡ್‌ನಲ್ಲಿ ಆಂಧ್ರದ ಇಬ್ಬರು ಕಾರ್ಮಿಕರು ಮ್ಯಾನ್‌ಹೋಲ್ ಒಳಗೆ ಬಿದ್ರು. ದಾರಿಯಲ್ಲಿದ್ದ ಆಟೋ ಚಾಲಕ ನೌಷಾದ್ ಕಾಪಾಡೋಕೆ ಇಳಿದ್ರು. ಮೂವರೂ ಬದುಕಲಿಲ್ಲ. ಅವತ್ತು ನಮ್ಮವನು ಬಿದ್ದಿದ್ರೆ ನಾವಿಬ್ಬರೂ ಅದನ್ನೇ ಮಾಡ್ತಿದ್ವಿ, ಇದರಲ್ಲಿ ನಮಗೆ ಅನುಮಾನವೇ ಇಲ್ಲ. ಗೆಳೆತನ ಅಂದ್ರೆ ಹಾಗೇ ಅಲ್ವಾ? ಅದಕ್ಕೇ ಹಗ್ಗ ಮೊದಲೇ ಕಟ್ಟಿರಬೇಕು.

ಈಗ ತಾತನ ಉತ್ತರಕ್ಕೆ ಬರೋಣ. "ಧಣಿ ಇಳೀತಾನೇನು?"

ಅಮೆರಿಕದ ವಿಡಿಯೊದಲ್ಲಿ ಮನೆ ಯಜಮಾನನೇ ತೆವಳ್ತಾನೆ. ನಮ್ಮಲ್ಲಿ ಸಂಪಿಗಾದ್ರೆ ಮನೆಯ ಸಣ್ಣ ಹುಡುಗ, ಇಲ್ಲಾಂದ್ರೆ ಕೂಲಿಯವರು. ಸೆಪ್ಟಿಕ್ ಟ್ಯಾಂಕಿಗಾದ್ರೆ ತಲೆತಲಾಂತರದಿಂದ ಒಂದೇ ಜಾತಿಗಳವರು. ಅವರಿಗೆ ಬೂಟಿಲ್ಲ, ಗ್ಲೌಸಿಲ್ಲ, ಕೆಲವು ಸಲ ಹಗ್ಗವೂ ಇಲ್ಲ. 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಲಕರಣೆ ಇಲ್ಲದೆ ಯಾರನ್ನೂ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸೋ ಹಾಗಿಲ್ಲ. ಇದು ಕಂಟ್ರಾಕ್ಟರಿಗೆ ಮಾತ್ರ ಅಲ್ಲ, ನಮ್ಮಪ್ಪನಿಗೂ ಅನ್ವಯಿಸತ್ತೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಚರಂಡಿ ಸಾವುಗಳಿಗೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿದ್ದನ್ನ ಅಭಿವೃದ್ಧಿ ಅನ್ನೋಕೆ ನಮಗೆ ಮನಸ್ಸು ಬರಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಜಾಗ್ರತೆಯಾಗಿ ಇಳಿಯೋದು ಎರಡನೇ ಮಾತು. ಇಳಿಯೋ ಅಗತ್ಯವೇ ಬರದ ಹಾಗೆ ಕಟ್ಟೋದು ಮೊದಲ ಮಾತು, ಅದು ಇಂಜಿನಿಯರ್ ಕೆಲಸ, ಅಂದ್ರೆ ನಮ್ಮದು.

ನಮ್ಮೂರ ಕಡೆ ಸಂಪು ಯಾಕೆ ಇಷ್ಟು ಬೇಗ ಹೊಲಸಾಗತ್ತೆ? ಕಪ್ಪು ಮಣ್ಣು, ಅಂದ್ರೆ ಎರೆ ಭೂಮಿ. ಮಳೆಗೆ ಉಬ್ಬತ್ತೆ, ಬೇಸಿಗೆಗೆ ಬಿರಿಯತ್ತೆ. ಆ ಎಳೆದಾಟಕ್ಕೆ ಇಟ್ಟಿಗೆ ಗೋಡೆ ಸೀಳತ್ತೆ, ಸೀಳಿನಿಂದ ಮಣ್ಣು, ಚರಂಡಿ ನೀರು ಒಳಗೆ ಬರತ್ತೆ. ಸಿರುಗುಪ್ಪದ ಗೆಳೆಯ ಹೇಳೋದು ಇನ್ನೊಂದು ಥರ. ಅವರ ಮನೆ ಗದ್ದೆ ಪಕ್ಕ. ಕಾಲುವೆಗೆ ನೀರು ಬಿಟ್ಟು ಭತ್ತ ನಾಟಿ ಆಯ್ತು ಅಂದ್ರೆ ನೆಲದೊಳಗಿನ ನೀರು ಮೇಲೆ ಬರತ್ತೆ, ಖಾಲಿ ಸಂಪಿನ ಗೋಡೆಯಿಂದ ಜಿನುಗತ್ತೆ. ಅಂಥ ಜಾಗದಲ್ಲಿ ಪ್ಲಾಸ್ಟಿಕ್ ಟ್ಯಾಂಕು ಹೂತು ಖಾಲಿ ಬಿಟ್ರೆ ದೋಣಿ ಹಾಗೆ ಮೇಲೇಳಬಹುದು. 3,400 ಲೀಟರ್ ಟ್ಯಾಂಕು ಪೂರ್ತಿ ಮುಳುಗಿದ್ರೆ ಸುಮಾರು 3.4 ಟನ್ ಮೇಲೊತ್ತಡ. ಆರ್ಕಿಮಿಡೀಸ್ ಲೆಕ್ಕ, ಒಂಬತ್ತನೇ ಕ್ಲಾಸಿಂದು.

ಸಿವಿಲ್‌ನವರು ಇದಕ್ಕೆ ಹೊಸದೇನೂ ಕಂಡುಹಿಡೀಬೇಕಿಲ್ಲ. ಇಟ್ಟಿಗೆ ಬದಲು ಆರ್‌ಸಿಸಿ ಗೋಡೆ, ಸುತ್ತ ಎರೆ ಮಣ್ಣು ತೆಗೆದು ಗರಸು ತುಂಬೋದು. ತಳ ಒಂದು ಮೂಲೆಗೆ ಇಳಿಜಾರಿದ್ದು, ಅಲ್ಲೊಂದು ಸಣ್ಣ ಗುಂಡಿ ಇದ್ರೆ ಮೇಲಿಂದಲೇ ಪಂಪಿನಿಂದ ಕೆಸರು ಎಳೀಬಹುದು. ಒಂದರ ಬದಲು ಎದುರುಬದುರು ಎರಡು ಬಾಯಿ ಇದ್ರೆ ಗಾಳಿ ಆಡತ್ತೆ. ಒಳಗೆ ಟೈಲ್ಸ್ ಇದ್ರೆ ಉದ್ದ ಕೋಲಿನ ಬ್ರಷ್ಷೇ ಸಾಕು. ನೀರು ಒಳಬರೋ ಕಡೆ ಒಂದು ಜಾಲರಿ. ಸಂಪು, ಸೆಪ್ಟಿಕ್ ಟ್ಯಾಂಕು ಸೈಟಿನ ಎದುರುಬದುರು ಮೂಲೆಯಲ್ಲಿರಲಿ. 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ 50 ಅಡಿ, ಪೈಥಾಗೊರಸ್ ದಯೆ. ಮನೆ ಕಟ್ಟಿಸುವಾಗ ವಾಸ್ತು ನೋಡೋಕೆ ಒಂದು ವಾರ ಕೊಡೋ ನಾವು ಇದಕ್ಕೆ ಒಂದು ಗಂಟೆ ಕೊಡಲ್ಲ.

ಇಸಿ, ಸಿಎಸ್, ಮೆಕ್ಯಾನಿಕಲ್‌ನವರಿಗೂ ಕೆಲಸ ಇದೆ. ಮ್ಯಾನ್‌ಹೋಲ್ ತೊಳೆಯೋ ಬ್ಯಾಂಡಿಕೂಟ್ ರೋಬೋಟ್ ಮಾಡಿದ ಕೇರಳದ ಜೆನ್‌ರೋಬೊಟಿಕ್ಸ್ ಹುಡುಗರು ಕುಟ್ಟಿಪ್ಪುರಂನ ಒಂದು ಇಂಜಿನಿಯರಿಂಗ್ ಕಾಲೇಜಿನವರು, ನಮ್ಮ ಹಾಗೇ. 2018ರಲ್ಲಿ ಅವರ ರೋಬೋಟ್ ತಿರುವನಂತಪುರದಲ್ಲಿ ಕೆಲಸಕ್ಕೆ ಇಳೀತು. ನಾವಿಲ್ಲಿ ಪ್ರತಿ ವರ್ಷ ಲೈನ್ ಫಾಲೋವರ್ ಮಾಡಿ ಫೋಟೊ ತೆಗೆಸ್ಕೊಳ್ತೀವಿ. ಆದ್ರೆ ಒಂದು ಎಚ್ಚರಿಕೆ: ಆನ್‌ಲೈನಲ್ಲಿ ಸಿಗೋ ಅಗ್ಗದ ಗ್ಯಾಸ್ ಸೆನ್ಸರ್ ಆರ್ಡುಯಿನೊಗೆ ಸಿಕ್ಕಿಸಿ "ಸೇಫ್" ಅಂತ ಹಸಿರು ಲೈಟ್ ಹಾಕಬೇಡಿ. ಸರಿಯಾಗಿ ಕ್ಯಾಲಿಬ್ರೇಟ್ ಮಾಡದ ಸೆನ್ಸರ್‌ಗಿಂತ ತಾತನ ಕಂದೀಲೇ ವಾಸಿ, ಅದಕ್ಕೆ ಕನಿಷ್ಠ ಸುಳ್ಳು ಆತ್ಮವಿಶ್ವಾಸ ಇರಲಿಲ್ಲ.

ಈಗ ಇರೋ ಸಂಪಿಗೆ ಏನು ಮಾಡೋದು? ಮೋಟರಿನ ಪ್ಲಗ್ಗು ಕಿತ್ತುಬಿಡಿ. ಮುಚ್ಚಳ ಹಿಂದಿನ ದಿನವೇ ತೆಗೆದಿಡಿ, ಮಕ್ಕಳು ಬೀಳದ ಹಾಗೆ ಮೇಲೆ ಜಾಲರಿ ಇಟ್ಟು. ಕೆಸರು ಮೇಲಿಂದಲೇ ತೆಗೀರಿ. ಬ್ಲೋವರಿನ ಪೈಪು ತಳಕ್ಕೆ ಬಿಟ್ಟು ಗಾಳಿ ಆಡಿಸಿ. ವೈರ್ ಬಲ್ಬು ಬೇಡ, ಟಾರ್ಚ್ ಸಾಕು. ಡೀಸೆಲ್ ಪಂಪು ಒಳಗಿಡಬೇಡಿ, ಬ್ಲೀಚಿಂಗ್ ಜೊತೆ ಆ್ಯಸಿಡ್ ಬೇಡವೇ ಬೇಡ. ಇಳೀಲೇಬೇಕು ಅಂದ್ರೆ ಗಾಳಿ ಅಳೆಯೋ ಮೀಟರು, ಎದೆಗೆ ಬೆಲ್ಟು ಹಗ್ಗ, ಮೇಲೆ ಇಬ್ಬರು ಇರೋ ಗೊತ್ತಿದ್ದ ಕೆಲಸಗಾರರನ್ನೇ ಕರೀರಿ, ಅವರು ಕೇಳಿದಷ್ಟು ಕೊಡಿ. ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಸಕ್ಕಿಂಗ್ ಗಾಡಿ, ಮನುಷ್ಯ ಅಲ್ಲ. ಅದಕ್ಕೆ ದೇಶದ ಸಹಾಯವಾಣಿ 14420.

ಅವತ್ತು ನಾವು ಇಳೀಲಿಲ್ಲ. ಬಾಡಿಗೆ ಪಂಪು ತಂದು ಕೆಸರು ಎಳೆದು, ಮೇಲಿಂದಲೇ ಪೈಪಿನಿಂದ ನೀರು ಹೊಡೆದು, ಮತ್ತೆ ಎಳೆದ್ವಿ. ಮೂಲೆಗಳು ಪೂರ್ತಿ ಕ್ಲೀನ್ ಆಗಲಿಲ್ಲ, ಆಂಟಿ ಬೈದ್ರು. ಬೈಸ್ಕೊಂಡ್ವಿ.

ಕನ್ನಡ ಸಂಘಕ್ಕೆ ನಮ್ಮದೊಂದು ಬೇಡಿಕೆ ಇದೆ. ನವೆಂಬರ್ ಬಂದ್ರೆ ಬ್ಯಾನರ್, ಬಾವುಟಕ್ಕೆ ಅಂತ ದುಡ್ಡು ಎತ್ತುತ್ತೀವಿ. ಈ ಸಲ ಅದರಲ್ಲಿ ಒಂದು ಡಬ್ಬಿ ಪೇಂಟ್ ತರೋಣ. ಹಾಸ್ಟೆಲ್, ಕ್ಯಾಂಟೀನು, ನಮ್ಮ ಪಿಜಿಗಳ ಸಂಪಿನ ಮುಚ್ಚಳದ ಮೇಲೆಲ್ಲ ಕನ್ನಡದಲ್ಲಿ, ಕೆಳಗೆ ತೆಲುಗು ಮತ್ತು ಹಿಂದಿಯಲ್ಲೂ ಬರೆಯೋಣ: "ಒಬ್ಬರೇ ಇಳಿಯಬೇಡಿ. ಬಿದ್ದವರ ಹಿಂದೆ ಇಳಿಯಬೇಡಿ." ಇಳಿಯೋ ಮನುಷ್ಯನಿಗೆ ಓದೋಕೆ ಬರೋ ಭಾಷೆಯಲ್ಲಿ ಇರಬೇಕು, ಅಷ್ಟೇ. ಬ್ರಷ್ ಹಿಡಿಯೋಕೆ ನಾವು ಮೂವರು ರೆಡಿ.