ಒದ್ದೆ ಕೈಗೂ ಕರೆಂಟಿಗೂ ಆಗಿಬರದು

ಕುದಿಯುವ ಸಾರಿನಲ್ಲಿ ಸ್ಟೀಲಿನ ಸೌಟು ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದರ ಹಿಡಿಯೂ ಕೈ ಸುಡುತ್ತದೆ. ಮರದ ಸೌಟು ಸುಡುವುದಿಲ್ಲ. ಇದನ್ನು ನಮಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ, ಅಲ್ಲವೇ? ಕರೆಂಟಿನ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ ಸೋದರಿಯರೇ. ತಾಮ್ರ, ಹಿತ್ತಾಳೆ, ಕಬ್ಬಿಣ, ಅಲ್ಯೂಮಿನಿಯಂ, ನಮ್ಮ ಕೈಯ ಚಿನ್ನದ ಬಳೆ ಎಲ್ಲವೂ ಕರೆಂಟನ್ನು ಸಲೀಸಾಗಿ ಒಯ್ಯುತ್ತವೆ. ಇವು ವಾಹಕಗಳು. ರಬ್ಬರು, ಪ್ಲಾಸ್ಟಿಕ್ಕು, ಗಾಜು, ಪಿಂಗಾಣಿ, ಒಣ ಮರ ಇವು ಒಯ್ಯಲೊಲ್ಲವು, ಇವು ಅವಾಹಕಗಳು. ಅದಕ್ಕೇ ವೈರಿನ ಒಳಗೆ ತಾಮ್ರ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ.

ಈ ಭೇದವನ್ನು ಮೊದಲು ತೋರಿಸಿಕೊಟ್ಟವನು ಇಂಗ್ಲೆಂಡಿನ ಸ್ಟೀಫನ್ ಗ್ರೇ, 1729ರಲ್ಲಿ. ಉದ್ದನೆಯ ಸೆಣಬಿನ ದಾರದಲ್ಲಿ ವಿದ್ಯುತ್ತನ್ನು ಹಾಯಿಸಲು ಅವನು ಆ ದಾರವನ್ನು ರೇಷ್ಮೆ ಎಳೆಗಳಿಂದ ತೂಗುಹಾಕಿದ. ಕೆಲಸ ನಡೆಯಿತು. ರೇಷ್ಮೆ ಕಿತ್ತುಹೋದಾಗ ಬದಲಿಗೆ ಹಿತ್ತಾಳೆ ತಂತಿ ಕಟ್ಟಿದ. ವಿದ್ಯುತ್ತೆಲ್ಲ ಅದರಲ್ಲೇ ಸೋರಿಹೋಯಿತು! ಹಾಗಾದರೆ ಸೆಣಬಿನ ದಾರ ಹೇಗೆ ಒಯ್ಯಿತು ಅಂತೀರಾ? ಅದರಲ್ಲಿದ್ದ ತೇವದಿಂದ.

ನಮಗೆ ಬೇಕಾದ ಪಾಠ ಇಲ್ಲೇ ಇದೆ. ಮರ, ಬಟ್ಟೆ, ಗೋಡೆ ಒಣಗಿರುವ ತನಕ ನಮ್ಮನ್ನು ಕಾಯುತ್ತವೆ, ನೆನೆದರೆ ಕೈಬಿಡುತ್ತವೆ. ನಲ್ಲಿ, ಬಾವಿಯ ನೀರಿನಲ್ಲಿ ಲವಣಗಳು ಕರಗಿರುವುದರಿಂದ ಅದು ಕರೆಂಟನ್ನು ಒಯ್ಯುತ್ತದೆ. ನಮ್ಮ ಚರ್ಮವೂ ಅಷ್ಟೇ. ಒಣಗಿದ್ದಾಗ ತಕ್ಕಮಟ್ಟಿಗೆ ತಡೆಯುತ್ತದೆ, ಒದ್ದೆಯಾದರೆ ಆ ತಡೆ ಎಷ್ಟೋ ಪಟ್ಟು ಇಳಿದುಹೋಗುತ್ತದೆ. ಮನೆಗೆ ಬರುವ 230 ವೋಲ್ಟು ಜೀವ ತೆಗೆಯಲು ಧಾರಾಳ ಸಾಕು.

ನಮ್ಮ ಬೀದಿಯ ಒಂದು ಮನೆಯಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದರು. ಸಿಪ್ಪೆ ಸುಲಿದ ವೈರೊಂದು ಅದಕ್ಕೆ ತಗುಲಿಕೊಂಡಿತ್ತು. ಒದ್ದೆ ಸೀರೆ ಹರವಲು ಹೋದ ಸೊಸೆಗೆ ಶಾಕ್ ಹೊಡೆಯಿತು. ಬಿಡಿಸಲು ಓಡಿದ ಅತ್ತೆಯನ್ನೂ ಹಿಡಿಯಿತು. ಪಕ್ಕದ ಮನೆಯ ಹುಡುಗ ಓಡಿಬಂದು ಮೇನ್ ಸ್ವಿಚ್ ಆರಿಸಿದ್ದರಿಂದ ಇಬ್ಬರೂ ಉಳಿದರು.

ಆದ್ದರಿಂದ ಇಷ್ಟನ್ನು ತಪ್ಪದೆ ಪಾಲಿಸಿ:

1. ಬಟ್ಟೆ ಹರವಲು ನೈಲಾನ್ ಹಗ್ಗ ಕಟ್ಟಿ, ತಂತಿ ಬೇಡ. ವಿದ್ಯುತ್ ಕಂಬಕ್ಕಂತೂ ಏನನ್ನೂ ಕಟ್ಟಬೇಡಿ.

2. ಮಿಕ್ಸಿ, ಗ್ರೈಂಡರ್ ಒರೆಸುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಒಣ ಕೈಯಿಂದ ಪ್ಲಗ್ಗನ್ನೂ ತೆಗೆಯಿರಿ.

3. ನೀರು ಕಾಯಿಸುವ ರಾಡನ್ನು ಬಕೆಟ್ಟಿನಲ್ಲಿ ಇಟ್ಟ ಮೇಲೆಯೇ ಸ್ವಿಚ್ ಹಾಕಿ. ನೀರು ಕಾದಿದೆಯೇ ನೋಡಬೇಕೆಂದರೆ ಪ್ಲಗ್ ತೆಗೆದ ಮೇಲೆಯೇ ಬೆರಳು ಅದ್ದಿ.

4. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯದು ಅರ್ಥ್ ಪಿನ್. ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜಿನ ಲೋಹದ ಮೈಗೆ ಕರೆಂಟು ಹರಿದರೆ ಅದನ್ನು ನೆಲಕ್ಕೆ ಇಳಿಸುವ ದಾರಿ ಅದೇ. ಎರಡೇ ತೂತಿನ ಸಾಕೆಟ್ಟಿಗೆ ಹೊಂದಲೆಂದು ಅದನ್ನು ಬಿಟ್ಟುಬಿಡಬೇಡಿ.

5. ಮನೆಗೆ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಮನೆಗಳಿಗೆ ಹಾಕುವ 30 ಮಿಲಿಆಂಪಿಯರಿನದು, ಅಷ್ಟು ಕರೆಂಟು ಸೋರಿದೊಡನೆ ತಾನಾಗಿ ಬಂದ್ ಆಗುತ್ತದೆ. ಒಂದು ಸೀರೆಯ ಖರ್ಚೆಂದುಕೊಂಡರೂ ಸರಿ, ಹಾಕಿಸಿ.

ಯಾರಿಗಾದರೂ ಶಾಕ್ ಹೊಡೆದರೆ ಕರುಳು ಎಳೆದರೂ ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದಾಗದಿದ್ದರೆ ಒಣ ಮಣೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ದೂಡಿ. ಬೀದಿಯ ತಂತಿ ಕಡಿದುಬಿದ್ದಿದ್ದರೆ ಹತ್ತಿರವೇ ಸುಳಿಯದೆ ವಿದ್ಯುತ್ ಕಚೇರಿಗೆ ತಿಳಿಸಿ. ಕರೆಂಟು ನಿಂತ ಮೇಲೂ ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ಬಲವಾಗಿ, ಬೇಗ ಬೇಗ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮೇನ್ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಯಜಮಾನರಿಗೆ ಮಾತ್ರ ಗೊತ್ತಿದ್ದರೆ ಏನು ಬಂತು? ಅತ್ತೆಗೆ, ಮಕ್ಕಳಿಗೆ, ಕೆಲಸಕ್ಕೆ ಬರುವಾಕೆಗೆ ಇವತ್ತೇ ತೋರಿಸಿಕೊಡಿ.